ಏಂಜಲ್ ಮೀನಿಗೆ ಎಷ್ಟು ದೊಡ್ಡ ತೊಟ್ಟಿ ಬೇಕು?

ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ನಾವು ತೆರಕಣಾಂಬಿಯ ನಮ್ಮ ಮನೆಗೆ ಹೋಗಿದ್ದಾಗ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಅಣ್ಣನ ಮಗನು ಮೈಸೂರಿನಿಂದ ನಾಲ್ಕು ಏಂಜಲ್ ಮೀನುಗಳನ್ನು ಕೊಂಡು ತಂದಿದ್ದನು. ಅರ್ಧ ನೀರು, ಅರ್ಧ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ, ಅವುಗಳನ್ನು ಜೀವಂತವಾಗಿ ಊರು ಸೇರಿಸಿದ್ದನು. ಒಂದೊಂದು ಮೀನಿನ ಮೈಯೂ ಒಂದು ರೂಪಾಯಿಯ ನಾಣ್ಯದಷ್ಟಿತ್ತು. ಅವುಗಳಿಗಾಗಿ ಹತ್ತು ಲೀಟರು ನೀರು ಹಿಡಿಯುವ ದುಂಡನೆಯ ಗಾಜಿನ ಪಾತ್ರೆಯೊಂದನ್ನೂ ತಂದಿದ್ದನು. "ಇಷ್ಟು ಚಿಕ್ಕ ಮೀನಿಗೆ ಇದು ಸಾಕಲ್ವಾ, ಚಿಕ್ಕಪ್ಪ?" ಎಂದು ಅವನು ಕೇಳಿದಾಗ ನಾವು "ಧಾರಾಳವಾಗಿ ಸಾಕು" ಎಂದೆವು.

ಡಿಸೆಂಬರ್ ತಿಂಗಳ ಒಂದು ಮುಂಜಾನೆ ನಾಲ್ಕರಲ್ಲಿ ಮೂರು ಮೀನುಗಳು ಸತ್ತು ತೇಲುತ್ತಿದ್ದವು. ಹುಡುಗನು ಫೋನಿನಲ್ಲಿ ನಮ್ಮನ್ನು ದೂರಲಿಲ್ಲ, "ಯಾಕೆ ಸತ್ತವು?" ಎಂದಷ್ಟೇ ಕೇಳಿದನು. ಹಲವು ವರ್ಷಗಳಿಂದ ತರಗತಿಯಲ್ಲಿ ದ್ರವಗಳ ಒತ್ತಡವನ್ನೂ ಉಷ್ಣದ ನಿಯಮಗಳನ್ನೂ ಬೋಧಿಸುತ್ತಿರುವ ನಾವು, ಆ "ಸಾಕು" ಎಂಬ ಮಾತನ್ನು ಹೇಳುವ ಮೊದಲು ಒಂದು ಸಣ್ಣ ಲೆಕ್ಕವನ್ನೂ ಮಾಡಿರಲಿಲ್ಲ. ಅಂದು ಮಾಡಬೇಕಾಗಿದ್ದ ಲೆಕ್ಕವನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇವೆ. ಪ್ರೌಢಶಾಲೆಯ ವಿಜ್ಞಾನಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ರೆಕ್ಕೆಯುಳ್ಳ ಎಲೆ

ಮೊದಲು ಈ ಮೀನಿನ ಪರಿಚಯ ಮಾಡಿಕೊಳ್ಳೋಣ. ಏಂಜಲ್ ಮೀನಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶ. ನಮ್ಮ ಅಂಗಡಿಗಳಲ್ಲಿ ದೊರೆಯುವ ಜಾತಿಯ ವೈಜ್ಞಾನಿಕ ನಾಮ ಟೆರೊಫಿಲ್ಲಮ್ ಸ್ಕೇಲರೆ. ಆಸ್ಟ್ರಿಯದ ಹೆಕೆಲ್ ಎಂಬ ವಿಜ್ಞಾನಿಯು 1840ರಲ್ಲಿ ಈ ಕುಲಕ್ಕೆ ಹೆಸರಿಟ್ಟನು. ಟೆರೊಫಿಲ್ಲಮ್ ಎಂದರೆ ರೆಕ್ಕೆಯುಳ್ಳ ಎಲೆ ಎಂದರ್ಥ. ಈ ಮೀನನ್ನು ಮುಂದಿನಿಂದ ನೋಡಿದರೆ ತೆಳ್ಳಗೆ ನಿಲ್ಲಿಸಿದ ಎಲೆಯಂತೆಯೂ, ಪಕ್ಕದಿಂದ ನೋಡಿದರೆ ಮೇಲಕ್ಕೂ ಕೆಳಕ್ಕೂ ರೆಕ್ಕೆಗಳನ್ನು ಚಾಚಿದ ಬಾಣದ ಮೊನೆಯಂತೆಯೂ ಕಾಣುವುದು. ಮೆಲ್ಲನೆ ಹರಿಯುವ ನೀರಿನಲ್ಲಿ, ನೆಟ್ಟಗೆ ಬೆಳೆದ ಸಸ್ಯಗಳು ಮತ್ತು ಇಳಿಬಿದ್ದ ಬೇರುಗಳ ನಡುವೆ ನುಸುಳಿ ಬಾಳಲು ಇಂತಹ ಮೈಕಟ್ಟು ತಕ್ಕುದಾಗಿದೆ. ಮೈಮೇಲಿನ ಕಪ್ಪು ಪಟ್ಟೆಗಳು ಆ ಬೇರುಗಳ ನೆರಳಿನಲ್ಲಿ ಅದನ್ನು ಮರೆಮಾಡುತ್ತವೆ.

ಏಂಜಲ್ ಮೀನು ಸಿಕ್ಲಿಡ್ ಎಂಬ ಮನೆತನಕ್ಕೆ ಸೇರಿದುದು. ನಮ್ಮ ಕೆರೆಗಳಲ್ಲಿ ಈಗ ಹೇರಳವಾಗಿರುವ ಜಿಲೇಬಿ ಮೀನೂ, ನೆರೆಯ ಕೇರಳದ ಹಿನ್ನೀರಿನ ಕರಿಮೀನೂ ಇದರ ದೂರದ ದಾಯಾದಿಗಳು. ಈ ಮನೆತನದ ಮೀನುಗಳಿಗೆ ಎರಡು ಸ್ವಭಾವಗಳುಂಟು: ಮೊಟ್ಟೆಮರಿಗಳನ್ನು ಕಾಯುವುದು ಒಂದು; ಅದಕ್ಕಾಗಿ ನೀರಿನ ಒಂದು ಭಾಗವನ್ನು ತಮ್ಮದೆಂದು ಹಿಡಿದುಕೊಂಡು ಇತರರನ್ನು ಓಡಿಸುವುದು ಇನ್ನೊಂದು.

ನಾವು ಮರೆತದ್ದು ಇಷ್ಟು: ಅಂಗಡಿಯಲ್ಲಿ ಕಾಣುವ ನಾಣ್ಯದಷ್ಟು ಮೀನು ಕೇವಲ ಮರಿ. ಚೆನ್ನಾಗಿ ಬೆಳೆದರೆ ವರ್ಷದೊಳಗೆ ಅದರ ಮೈ ಅಂಗೈಯಷ್ಟಾಗುವುದು. ಬಾಲವೂ ಸೇರಿ ಉದ್ದ ಸುಮಾರು 15 ಸೆಂಟಿಮೀಟರು. ಮೇಲಿನ ರೆಕ್ಕೆಯ ತುದಿಯಿಂದ ಕೆಳಗಿನ ರೆಕ್ಕೆಯ ತುದಿಯವರೆಗೆ ಎತ್ತರ ಸುಮಾರು 20 ಸೆಂಟಿಮೀಟರು. ಒಳ್ಳೆಯ ಆರೈಕೆಯಲ್ಲಿ ಅದು ಹತ್ತು ವರ್ಷದವರೆಗೂ ಬದುಕಬಲ್ಲುದು. ಹೀಗಿರುವಲ್ಲಿ ತೊಟ್ಟಿಯನ್ನು ಆರಿಸಬೇಕಾದುದು ಇಂದಿನ ಮೀನಿಗಲ್ಲ, ಮುಂದಿನ ವರ್ಷದ ಮೀನಿಗೆ. ಮಗುವಿನ ತೊಟ್ಟಿಲಿನ ಅಳತೆಯಿಂದ ಮನೆಯನ್ನು ಯಾರೂ ಕಟ್ಟಿಸುವುದಿಲ್ಲವಷ್ಟೆ!

ಮೊದಲನೆಯ ಅಳತೆ: ಎತ್ತರ

"ಎಷ್ಟು ಲೀಟರಿನ ತೊಟ್ಟಿ?" ಎಂದು ಕೇಳುವುದು ವಾಡಿಕೆ. ಆದರೆ ಲೀಟರು ಎಂಬ ಒಂದೇ ಸಂಖ್ಯೆಯಿಂದ ತೊಟ್ಟಿಯ ಯೋಗ್ಯತೆ ತಿಳಿಯುವುದಿಲ್ಲ. ಎತ್ತರ, ನೀರಿನ ಹೊರಮೈ, ನೀರಿನ ಮೊತ್ತ ಈ ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು.

ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ; ಎಂದರೆ ಹೆಚ್ಚುಕಡಿಮೆ 60, 30, 30 ಸೆಂಟಿಮೀಟರು. ಅದರ ತಳದಲ್ಲಿ 5 ಸೆಂಟಿಮೀಟರು ಜಲ್ಲಿಯನ್ನು ಹರಡಿ, ಮೇಲೆ 3 ಸೆಂಟಿಮೀಟರು ಬರಿದು ಬಿಟ್ಟರೆ, ಈಜಲು ಉಳಿಯುವ ನೀರಿನ ಆಳ 22 ಸೆಂಟಿಮೀಟರು ಮಾತ್ರ. ಬೆಳೆದ ಏಂಜಲ್ ಮೀನಿನ ಎತ್ತರ 20 ಸೆಂಟಿಮೀಟರು! ಮೇಲಿನ ರೆಕ್ಕೆ ನೀರಿನಿಂದಾಚೆ ಹೋಗದಂತೆ, ಕೆಳಗಿನ ರೆಕ್ಕೆ ಜಲ್ಲಿಗೆ ಉಜ್ಜದಂತೆ ಅದು ಜೀವಮಾನವೆಲ್ಲ ಒಂದೇ ಮಟ್ಟದಲ್ಲಿ ತೂಗಾಡಬೇಕಾಗುವುದು. ಎತ್ತರವನ್ನು ಒಂದೂವರೆ ಅಡಿ, ಎಂದರೆ 45 ಸೆಂಟಿಮೀಟರಿಗೆ ಏರಿಸಿದರೆ ನೀರಿನ ಆಳ 37 ಸೆಂಟಿಮೀಟರಾಗುವುದು. ಆದುದರಿಂದ ಏಂಜಲ್ ಮೀನಿನ ತೊಟ್ಟಿ 45 ಸೆಂಟಿಮೀಟರಿಗಿಂತ ಗಿಡ್ಡವಾಗಿರಬಾರದು ಎಂಬುದು ನಮ್ಮ ಮೊದಲನೆಯ ನಿಯಮ.

ಎರಡನೆಯ ಅಳತೆ: ನೀರಿನ ಹೊರಮೈ

ಎತ್ತರವೇ ಮುಖ್ಯವೆಂದು ಕಂಬದಂತಹ ತೊಟ್ಟಿಯನ್ನು ಮಾಡಿಸಿದರೆ ಹೇಗೆ? 60, 30, 45 ಸೆಂಟಿಮೀಟರು ಅಳತೆಯ ತೊಟ್ಟಿಯ ಘನಫಲ 81 ಲೀಟರು. 30, 30, 90 ಸೆಂಟಿಮೀಟರು ಅಳತೆಯ ಕಂಬದ ಘನಫಲವೂ 81 ಲೀಟರು. ಆದರೆ ಗಾಳಿಗೆ ತೆರೆದಿರುವ ಹೊರಮೈ ಮೊದಲನೆಯದರಲ್ಲಿ 1800 ಚದರ ಸೆಂಟಿಮೀಟರು. ಎರಡನೆಯದರಲ್ಲಿ ಅದರ ಅರ್ಧ, 900 ಚದರ ಸೆಂಟಿಮೀಟರು.

ಈ ಹೊರಮೈಯೇ ತೊಟ್ಟಿಯ ಮೂಗು. ಮೀನು ಉಸಿರಾಡುವ ಆಮ್ಲಜನಕವು ಬಹುಮಟ್ಟಿಗೆ ಇದರ ಮೂಲಕವೇ ನೀರಿನೊಳಗೆ ಇಳಿಯುವುದು. ಮೀನು ಬಿಟ್ಟ ಇಂಗಾಲಾಮ್ಲ ವಾಯು ಇದರ ಮೂಲಕವೇ ಹೊರಬೀಳುವುದು. ನಿಶ್ಚಲವಾದ ನೀರಿನಲ್ಲಿ ಆಮ್ಲಜನಕದ ಅಣುಗಳು ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಕಡಿಮೆ. ಆದುದರಿಂದ ಆಳವಾದ ನೀರಿನ ತಳಕ್ಕೆ ಅದು ತಾನಾಗಿ ತಲುಪುವುದು ಬಹಳ ನಿಧಾನ. ಗಾಳಿಯ ಪಂಪಿನ ಗುಳ್ಳೆಗಳು ಮಾಡುವ ದೊಡ್ಡ ಉಪಕಾರವೂ ಇದೇ: ಗುಳ್ಳೆಗಳಿಂದ ಕರಗುವ ಗಾಳಿಗಿಂತ ಹೆಚ್ಚಾಗಿ, ಅವು ತಳದ ನೀರನ್ನು ಮೇಲಕ್ಕೆತ್ತಿ ಹೊರಮೈಗೆ ತಂದು ಹೊರಳಿಸುತ್ತವೆ.

ತೆರಕಣಾಂಬಿಯವರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನೀರಿನಲ್ಲಿ ಕರಗುವ ಅನಿಲದ ಪ್ರಮಾಣವು ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಗುಂಡ್ಲುಪೇಟೆಯ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಕರಾವಳಿಯಲ್ಲಿರುವುದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ನೀರು ಮಂಗಳೂರಿನಲ್ಲಿ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ, ಇಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ನೀರು 30 ಡಿಗ್ರಿಗೆ ಕಾದರೆ ಇದು ಇನ್ನೂ ಇಳಿದು 6.8ರ ಸಮೀಪಕ್ಕೆ ಬರುವುದು. ಬಾಯಿ ಅಗಲವಾದ ತೊಟ್ಟಿ ಎಲ್ಲೆಡೆಯೂ ಒಳ್ಳೆಯದು. ನಮ್ಮ ಎತ್ತರದ ಸೀಮೆಯಲ್ಲಿ ಇನ್ನೂ ಒಳ್ಳೆಯದು.

ದುಂಡು ಪಾತ್ರೆಯ ಮೋಸ ಈಗ ಅರ್ಥವಾಗುವುದು. ನಮ್ಮ ಹುಡುಗನ ಪಾತ್ರೆಯ ಬಾಯಿಯ ವ್ಯಾಸ 16 ಸೆಂಟಿಮೀಟರು. ಕಂಠದವರೆಗೆ ನೀರು ತುಂಬಿದರೆ ಹೊರಮೈ ಕೇವಲ 200 ಚದರ ಸೆಂಟಿಮೀಟರು. ಅರ್ಧಕ್ಕೆ ತುಂಬಿದರೆ ಹೊರಮೈ ಹೆಚ್ಚುವುದು, ನೀರು ಅರ್ಧವಾಗುವುದು. ಅಷ್ಟೇ ಅಲ್ಲ, ನೀರು ತುಂಬಿದ ದುಂಡು ಪಾತ್ರೆಯು ಪೀನ ಮಸೂರದಂತೆ ವರ್ತಿಸಿ ಒಳಗಿನದನ್ನೆಲ್ಲ ದೊಡ್ಡದಾಗಿ ತೋರಿಸುವುದು. ಪುಷ್ಟವಾದ ಮೀನು, ವಿಶಾಲವಾದ ನೀರು ಎಂದು ನೋಡುವವರು ಸಂತೋಷಪಡುತ್ತಾರೆ. ಇಕ್ಕಟ್ಟಾಗುವುದು ಒಳಗಿರುವ ಮೀನಿಗೆ.

ಮೂರನೆಯ ಅಳತೆ: ನೀರಿನ ಮೊತ್ತ

ಬಚ್ಚಲುಮನೆಯ ಹಂಡೆಯಲ್ಲಿ ನೀರು ಕಾಯಿಸುವವರಿಗೆ ಒಂದು ವಿಷಯ ಗೊತ್ತು. ಚೊಂಬಿನಲ್ಲಿ ಮೊಗೆದಿಟ್ಟ ಬಿಸಿನೀರು ಬೇಗನೆ ಆರುವುದು. ಹಂಡೆಯ ನೀರು ಬಹಳ ಹೊತ್ತು ಬೆಚ್ಚಗಿರುವುದು. ಉಷ್ಣವು ಹೊರಹೋಗುವುದು ಮೈಯ ಮೂಲಕ, ಸಂಗ್ರಹವಾಗಿರುವುದು ಘನಫಲದಲ್ಲಿ. ಪಾತ್ರೆಯ ಅಳತೆಗಳನ್ನೆಲ್ಲ ಎರಡರಷ್ಟು ಮಾಡಿದರೆ ಅದರ ಮೈ ನಾಲ್ಕರಷ್ಟಾಗುವುದು, ಘನಫಲ ಎಂಟರಷ್ಟಾಗುವುದು. ಆದುದರಿಂದ 10 ಲೀಟರಿನ ಪಾತ್ರೆಗಿಂತ ಅದೇ ಆಕಾರದ 80 ಲೀಟರಿನ ಪಾತ್ರೆ ಎರಡರಷ್ಟು ನಿಧಾನವಾಗಿ ತಣ್ಣಗಾಗುವುದು.

ಏಂಜಲ್ ಮೀನಿಗೆ ಹಿತವಾದ ಉಷ್ಣತೆ 24ರಿಂದ 28 ಡಿಗ್ರಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಮ್ಮ ಸೀಮೆಯ ರಾತ್ರಿಗಳು 16 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಹಗಲಿನಲ್ಲಿ ಬಿಸಿಲು ಚುರುಕಾಗಿಯೇ ಇರುವುದು. ಹತ್ತು ಲೀಟರಿನ ನೀರು ಈ ಏರಿಳಿತವನ್ನು ಪ್ರತಿದಿನವೂ ಅನುಸರಿಸುವುದು. ಅಮೆಜಾನಿನ ಮೀನಿಗೆ ಇಂತಹ ಹಗಲಿರುಳ ತೂಗುಯ್ಯಾಲೆಯ ಅಭ್ಯಾಸವಿಲ್ಲ. ಅದು ಸೊರಗಿ ರೋಗಕ್ಕೆ ತುತ್ತಾಗುವುದು.

ತಣ್ಣನೆಯ ರಾತ್ರಿಗಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ವಿಷದಿಂದ ಬರುವುದು. ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯವನ್ನು ಹೊರಬಿಡುತ್ತಿರುವುದು; ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯವಾಗುವುದು. ಹಳೆಯ ತೊಟ್ಟಿಯ ಜಲ್ಲಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ, ಅನಂತರ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಆದರೆ ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಬೇರೂರಲು ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ಮೀನನ್ನು ಕಾಪಾಡುವುದು ನೀರಿನ ಮೊತ್ತವೊಂದೇ. ಒಂದು ಚಿಟಿಕೆ ಉಪ್ಪನ್ನು ಲೋಟಕ್ಕೆ ಹಾಕಿದರೆ ನಾಲಿಗೆಗೆ ತಿಳಿಯುವುದು. ಹಂಡೆಗೆ ಹಾಕಿದರೆ ತಿಳಿಯುವುದಿಲ್ಲ.

ಇಲ್ಲಿಯೂ ನಮ್ಮ ಊರಿನ ನೀರಿನ ಗುಣ ಸೇರಿಕೊಳ್ಳುತ್ತದೆ. ಕೊಳವೆ ಬಾವಿಯ ನೀರು ಬಹುಮಟ್ಟಿಗೆ ಗಡುಸು. ಕ್ಷಾರದ ಕಡೆಗೆ ವಾಲಿರುವುದೂ ಉಂಟು. ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುವುದು: ವಿದ್ಯುದಂಶವುಳ್ಳ ಅಮೋನಿಯಂ ಅಯಾನು ಅಷ್ಟೊಂದು ಕೇಡು ಮಾಡದು, ವಿದ್ಯುದಂಶವಿಲ್ಲದ ಅಮೋನಿಯ ಘೋರ ವಿಷ. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿ.ಎಚ್. 7 ಆಗಿದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇಕಡ 0.6ರಷ್ಟು, ಪಿ.ಎಚ್. 8ಕ್ಕೆ ಏರಿದರೆ ಅದು ಶೇಕಡ 5ಕ್ಕೂ ಮೀರುವುದು. ಎಂದರೆ ಅದೇ ಮೀನು, ಅದೇ ಆಹಾರ, ಅದೇ ಅಮೋನಿಯ; ವಿಷ ಮಾತ್ರ ಒಂಬತ್ತು ಪಟ್ಟು! ತೊಟ್ಟಿಯಲ್ಲಿ ಬೆಳೆಸಿದ ಏಂಜಲ್ ಮೀನುಗಳು ಸಾಧಾರಣ ಗಡುಸು ನೀರಿಗೆ ಹೊಂದಿಕೊಳ್ಳುತ್ತವೆ. ಆದರೆ ಇಂತಹ ನೀರಿನಲ್ಲಿ ಸಣ್ಣ ಪಾತ್ರೆಯ ತಪ್ಪಿಗೆ ಕ್ಷಮೆಯಿಲ್ಲ.

ಆ ಡಿಸೆಂಬರಿನ ರಾತ್ರಿ ಏನು ನಡೆಯಿತೆಂಬುದನ್ನು ಈಗ ಊಹಿಸಬಹುದು. ನಾಲ್ಕು ಮೀನುಗಳ ಅಮೋನಿಯ ಹತ್ತು ಲೀಟರು ಗಡುಸು ನೀರಿನಲ್ಲಿ ಕೂಡುತ್ತ ಬಂದು ಅವುಗಳ ಕಿವಿರುಗಳನ್ನು ಹಾಳುಮಾಡಿರಬೇಕು. ಹಾಳಾದ ಕಿವಿರಿನಿಂದ ಆಮ್ಲಜನಕವನ್ನು ಹೀರುವುದು ಕಷ್ಟ. ಕಿರಿದಾದ ಬಾಯಿಯಿಂದ ಆಮ್ಲಜನಕ ಬರುವುದೂ ಕಡಿಮೆ. ಕೊನೆಗೆ ಚಳಿಯ ಪೆಟ್ಟು. ಯಾವುದೋ ಒಂದು ಕಾರಣದಿಂದ ಸತ್ತವೆನ್ನುವುದಕ್ಕಿಂತ, ಮೂರೂ ಅಳತೆಗಳಲ್ಲಿ ನಾವು ತಪ್ಪಿದುದರಿಂದ ಸತ್ತವೆನ್ನುವುದೇ ಸರಿ.

ಗಾಜು ಎಷ್ಟು ತಡೆದೀತು?

ದೊಡ್ಡ ತೊಟ್ಟಿ ಬೇಕೆಂದು ನಿಶ್ಚಯಿಸಿದ ಮೇಲೆ ಗಾಜಿನ ಯೋಚನೆ ಬರುವುದು. ನೀರಿನ ಒತ್ತಡವು ಅದರ ಮೊತ್ತವನ್ನು ಅವಲಂಬಿಸಿಲ್ಲ, ಆಳವನ್ನು ಮಾತ್ರ ಅವಲಂಬಿಸಿದೆ. ಕೆರೆಯ ಏರಿಯನ್ನು ತಳದಲ್ಲಿ ಅಗಲವಾಗಿಯೂ ನೆತ್ತಿಯಲ್ಲಿ ಕಿರಿದಾಗಿಯೂ ಕಟ್ಟುವುದರಲ್ಲಿ ಇದೇ ತತ್ತ್ವ ಅಡಗಿದೆ. ತೊಟ್ಟಿಯ ಗೋಡೆಯ ಮೇಲೆ ಬೀಳುವ ಒಟ್ಟು ಬಲವನ್ನು ಹೀಗೆ ಎಣಿಸಬಹುದು: ಅರ್ಧ ಆಳದಲ್ಲಿರುವ ಒತ್ತಡವನ್ನು ಗೋಡೆಯ ವಿಸ್ತೀರ್ಣದಿಂದ ಗುಣಿಸಬೇಕು.

60 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಎತ್ತರದ ಗೋಡೆಗೆ ಸರಾಸರಿ ಒತ್ತಡ ಚದರ ಸೆಂಟಿಮೀಟರಿಗೆ 15 ಗ್ರಾಂ ಭಾರ; ವಿಸ್ತೀರ್ಣ 1800 ಚದರ ಸೆಂಟಿಮೀಟರು; ಒಟ್ಟು ಬಲ 27 ಕಿಲೋಗ್ರಾಂ ಭಾರ. ಎತ್ತರವನ್ನು 45ಕ್ಕೆ ಏರಿಸಿದರೆ ಒತ್ತಡ 22.5, ವಿಸ್ತೀರ್ಣ 2700, ಬಲ 60.75 ಕಿಲೋಗ್ರಾಂ ಭಾರ. ಎತ್ತರ ಒಂದೂವರೆಯಷ್ಟಾದರೆ ಬಲ ಎರಡೂಕಾಲರಷ್ಟಾಯಿತು. ಮೊದಲು ಹೇಳಿದ 90 ಸೆಂಟಿಮೀಟರಿನ ಕಂಬದ ಒಂದೊಂದು ಗೋಡೆಯೂ 121.5 ಕಿಲೋಗ್ರಾಂ ಭಾರವನ್ನು ತಡೆಯಬೇಕು. ಎತ್ತರ ಬೇಕು, ಆದರೆ ಅತಿಯಾದ ಎತ್ತರ ಬೇಡ ಎನ್ನುವುದಕ್ಕೆ ಇದು ಎರಡನೆಯ ಕಾರಣ. ಗಿಡ್ಡ ತೊಟ್ಟಿಗೆ ಸಾಕಾಗುವ ಗಾಜನ್ನೇ ಎತ್ತರದ ತೊಟ್ಟಿಗೂ ಹಾಕುವಂತೆ, ಹಣ ಉಳಿಸಲೆಂದು, ಕೆಲಸಗಾರನನ್ನು ಒತ್ತಾಯಿಸಬಾರದು.

ಲೆಕ್ಕದ ಫಲ

ಈ ಲೆಕ್ಕಗಳನ್ನೆಲ್ಲ ಹುಡುಗನೊಡನೆ ಕುಳಿತು ಕಾಗದದ ಮೇಲೆ ಮಾಡಿದೆವು. ಬರೀ ಎರಡು ಏಂಜಲ್ ಮೀನುಗಳಿಗಾದರೆ 60, 30, 45 ಸೆಂಟಿಮೀಟರಿನ ತೊಟ್ಟಿ ಸಾಕಾಗುತ್ತಿತ್ತು. ಆದರೆ ಮರಿಗಳಲ್ಲಿ ಗಂಡು ಹೆಣ್ಣುಗಳನ್ನು ಗುರುತಿಸುವುದು ಕಷ್ಟ; ಐದಾರು ಮರಿಗಳನ್ನು ಒಟ್ಟಿಗೆ ಬೆಳೆಸಿ, ಜೋಡಿ ತಾನಾಗಿ ಕೂಡಲು ಬಿಡುವುದು ಸಾಕುವವರ ಪದ್ಧತಿ. ಜೋಡಿ ಕೂಡಿದ ಮೀನುಗಳು ತೊಟ್ಟಿಯ ಒಂದು ಭಾಗವನ್ನು ಹಿಡಿದುಕೊಂಡಾಗ ಉಳಿದವು ದೂರ ಸರಿದು ನಿಲ್ಲಲು ಉದ್ದ ಬೇಕು. ಆದುದರಿಂದ ನಾವು ಆರಿಸಿದ ಅಳತೆ ಉದ್ದ 90, ಅಗಲ 40, ಎತ್ತರ 45 ಸೆಂಟಿಮೀಟರು. ಹೊರಮೈ 3600 ಚದರ ಸೆಂಟಿಮೀಟರು. ಹಳೆಯ ಪಾತ್ರೆಯದಕ್ಕಿಂತ 18 ಪಟ್ಟು. ಜಲ್ಲಿಯನ್ನೂ ಬರಿದಾದ ಭಾಗವನ್ನೂ ಕಳೆದರೆ ನೀರು ಸುಮಾರು 133 ಲೀಟರು; 13 ಪಟ್ಟು. ಮುಂದಿನ ಗಾಜಿನ ಮೇಲಿನ ಬಲ ಅಂಚಿನವರೆಗೆ ನೀರು ತುಂಬಿದರೂ 91 ಕಿಲೋಗ್ರಾಂ ಭಾರ. ಇದಕ್ಕಾಗಿ 8 ಮಿಲಿಮೀಟರು ದಪ್ಪದ ಗಾಜನ್ನು ಹಾಕಿಸಿ, ಮೇಲಂಚಿಗೆ ಗಾಜಿನ ಪಟ್ಟಿಗಳನ್ನು ಅಂಟಿಸಿ ಬಲಪಡಿಸಿದೆವು.

ನೀರು, ಜಲ್ಲಿ, ಗಾಜು ಎಲ್ಲ ಸೇರಿ ತೂಕ ಸುಮಾರು 200 ಕಿಲೋಗ್ರಾಂ, ಎಂದರೆ ನಾಲ್ಕು ಮೂಟೆ ಅಕ್ಕಿಯಷ್ಟು. ಓದುವ ಮೇಜು ಇದಕ್ಕೆ ತಕ್ಕುದಲ್ಲವೆಂದು ಕಬ್ಬಿಣದ ಚೌಕಟ್ಟನ್ನು ಮಾಡಿಸಿ, ಮಟ್ಟ ನೋಡಿ ನಿಲ್ಲಿಸಿ, ಗಾಜಿನ ಕೆಳಗೆ ಥರ್ಮೊಕೋಲ್ ಹಾಳೆಯನ್ನು ಹಾಸಿದೆವು. 150 ವಾಟಿನ ಹೀಟರು ಇಷ್ಟು ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ಒಂದು ಗಂಟೆ ಬೇಕು; ವಿದ್ಯುತ್ತು ಹೋದಾಗ ನೀರು ಆರುವುದೂ ಹಾಗೆಯೇ ನಿಧಾನ. ಗಾಳಿಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪೊಂದನ್ನು ಇಟ್ಟುಕೊಂಡಿದ್ದೇವೆ.

ಇಷ್ಟಾದ ಮೇಲೆ ನಮ್ಮ ಅತ್ತಿಗೆ ಒಂದು ಪ್ರಶ್ನೆ ಕೇಳಿದರು: "ಬೇಸಿಗೇಲಿ ನಮಗೇ ನೀರು ಸಾಲದು, ಮೀನಿಗೆ ಎಲ್ಲಿಂದ ತರೋದು?" ಮಳೆ ಕಡಿಮೆಯಾದ ಗುಂಡ್ಲುಪೇಟೆಯ ಸೀಮೆಯಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರನ್ನು ಬದಲಿಸಬೇಕೆಂದರೆ 33 ಲೀಟರು. 15 ಲೀಟರಿನ ಕೊಡದಲ್ಲಿ ಎರಡು ಕೊಡಕ್ಕಿಂತ ಸ್ವಲ್ಪ ಹೆಚ್ಚು. ತೆಗೆದ ನೀರು ಚರಂಡಿಗೆ ಹೋಗಬೇಕಾಗಿಲ್ಲ; ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಅತ್ತಿಗೆಯವರ ದಾಸವಾಳ, ಕರಿಬೇವುಗಳಿಗೆ ಹೇಗೂ ಹಾಕುತ್ತಿದ್ದ ನೀರು ಈಗ ಮೀನಿನ ಮನೆಯ ಮೂಲಕ ಹಾದುಹೋಗುತ್ತಿದೆ, ಅಷ್ಟೆ. ಈ ಎರಡು ಕೊಡಗಳನ್ನು ಒದಗಿಸಲಾರದವರು ಏಂಜಲ್ ಮೀನಿನ ಆಸೆಯನ್ನು ಬಿಡುವುದೇ ಲೇಸು. ತೊಟ್ಟಿಯನ್ನು ಕುಗ್ಗಿಸಿ ನೀರನ್ನು ಉಳಿಸಲಾಗದು. ಸಣ್ಣ ತೊಟ್ಟಿಗೆ ಮತ್ತೆ ಮತ್ತೆ ನೀರು ಬದಲಿಸಬೇಕಾಗುವುದು.

ಬದುಕುಳಿದ ನಾಲ್ಕನೆಯ ಮೀನನ್ನು ಗುಂಡ್ಲುಪೇಟೆಯ ನೆಂಟರೊಬ್ಬರ ತೊಟ್ಟಿಯಲ್ಲಿ ಬಿಟ್ಟು, ಅವರಿಂದ ಎರಡು ಹಿಡಿ ಹಳೆಯ ಜಲ್ಲಿಯನ್ನು ತಂದು ಹೊಸ ತೊಟ್ಟಿಗೆ ಹಾಕಿದೆವು. ಆರು ವಾರ ಆ ತೊಟ್ಟಿಯಲ್ಲಿ ಮೀನಿರಲಿಲ್ಲ. ಹುಡುಗನು ದಿನವೂ ಚಿಟಿಕೆ ಆಹಾರವನ್ನು ನೀರಿಗೆ ಹಾಕಿ, ಅಮೋನಿಯದ ಪರೀಕ್ಷಾದ್ರವದ ಬಣ್ಣವನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಅಮೋನಿಯ ಏರಿತು, ಇಳಿಯಿತು, ಕೊನೆಗೆ ಕಾಣದಾಯಿತು. ಫೆಬ್ರವರಿಯಲ್ಲಿ ಹಳೆಯ ಮೀನೊಂದೂ ಹೊಸ ಮರಿಗಳು ನಾಲ್ಕೂ ಒಳಗೆ ಸೇರಿದವು. ಈಗ ಐದೂ ಅಂಗೈಯಗಲ ಬೆಳೆದಿವೆ. ಎರಡು ಜೋಡಿಯಾಗಿ, ನಿಲ್ಲಿಸಿಟ್ಟ ಕಡಪ ಕಲ್ಲಿನ ತುಂಡಿನ ಮೇಲೆ ಮೊಟ್ಟೆಯಿಟ್ಟವು; ಮೊದಲ ಸಲದ ಮೊಟ್ಟೆಗಳನ್ನು ತಾವೇ ತಿಂದುಬಿಟ್ಟವು. ಹೊಸದಾಗಿ ಕೂಡಿದ ಜೋಡಿಗಳಲ್ಲಿ ಇದು ಸಾಮಾನ್ಯ.

ಸಾಕಲಾರದ ಮೀನನ್ನು ಕೆರೆಗೆ ಬಿಡುವುದು ಪುಣ್ಯವೆಂದು ಕೆಲವರು ಭಾವಿಸುತ್ತಾರೆ. ಇದು ತಪ್ಪು. ಆಫ್ರಿಕದ ಜಿಲೇಬಿ ಮೀನನ್ನು 1952ರಲ್ಲಿ ಭಾರತಕ್ಕೆ ತಂದುದು ಸಾಕಣೆಗಾಗಿ. ಅದು ಕೆರೆಕುಂಟೆಗಳಲ್ಲೆಲ್ಲ ಹಬ್ಬಿ ಸ್ಥಳೀಯ ಮೀನುಗಳ ಅನ್ನಕ್ಕೂ ನೆಲೆಗೂ ಪೈಪೋಟಿಯಾಯಿತು. ಹೆಚ್ಚಾದ ಮೀನುಗಳನ್ನು ಮತ್ತೊಬ್ಬ ಸಾಕುವವರಿಗೆ ಕೊಡಬೇಕು. ಅಲಂಕಾರ ಮೀನುಗಳ ವಿಷಯವನ್ನು ಶಾಸ್ತ್ರೀಯವಾಗಿ ಕಲಿಯಬಯಸುವ ವಿದ್ಯಾರ್ಥಿಗಳಿಗೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ.

ತೊಟ್ಟಿಯನ್ನು ಕೊಳ್ಳಬೇಕೆಂದಿರುವ ವಾಚಕರು ಅಂಗಡಿಗೆ ಹೋಗುವ ಮೊದಲು ಒಂದು ಅಳತೆಪಟ್ಟಿ, ಒಂದು ಪೆನ್ಸಿಲು, ಒಂದು ಹಾಳೆ ಕಾಗದವನ್ನು ತೆಗೆದುಕೊಂಡು ಕುಳಿತುಕೊಳ್ಳಲಿ. ಬೆಳೆದ ಮೀನಿನ ಎತ್ತರ, ನೀರಿನ ಹೊರಮೈ, ನೀರಿನ ಮೊತ್ತ, ಗಾಜಿನ ಮೇಲಿನ ಬಲ, ವಾರಕ್ಕೆ ಬೇಕಾಗುವ ಕೊಡಗಳು ಈ ಐದನ್ನೂ ಬರೆದುಕೊಳ್ಳಲಿ. ಕಾಲು ಗಂಟೆಯ ಕೆಲಸ. ನಾವು ಆ ಕಾಲು ಗಂಟೆಯನ್ನು ಉಳಿಸಿದೆವು. ಅದಕ್ಕೆ ಬೆಲೆ ತೆತ್ತವು ಮೂರು ಮೀನುಗಳು.